ಕೊಳ್ಳೇಗಾಲದ ಬಿಸಿಲಿನಲ್ಲಿ ಕಾರಿನ ತಂಪು

ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮಾರ್ಗವಾಗಿ ದಕ್ಷಿಣಕ್ಕೆ ಸಾಗುವ ಹೆದ್ದಾರಿ ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿದೊಡನೆ ಪ್ರಯಾಣಿಕನಿಗೆ ಬೇರೊಂದು ಸೀಮೆಯನ್ನು ಹೊಕ್ಕ ಅನುಭವವಾಗುತ್ತದೆ. ಎಡಗಡೆ ದೂರದಲ್ಲಿ ಏಳುಮಲೆಯ ಒಡೆಯನಾದ ಮಾದಪ್ಪನ ಬೆಟ್ಟಗಳು. ಎದುರಿಗೆ ನೀಲಿಯಾಗಿ ಬಿಳಿಗಿರಿರಂಗನ ಸಾಲು. ನಡುವೆ ಬಿಸಿಲಿಗೆ ಮೈಯೊಡ್ಡಿ ಮಲಗಿದ ಬಯಲು. ಈ ಬಯಲಿನ ಬಾಗಿಲೇ ಕೊಳ್ಳೇಗಾಲ. ಇಲ್ಲಿಂದ ನೈಋತ್ಯಕ್ಕೆ ಹೊರಟರೆ ಯಳಂದೂರು, ಆಗ್ನೇಯಕ್ಕೆ ತಿರುಗಿದರೆ ಹನೂರು. ಒಂದು ದಾರಿ ರಂಗನ ಬೆಟ್ಟಕ್ಕೆ, ಇನ್ನೊಂದು ಮಾದಪ್ಪನ ಬೆಟ್ಟಕ್ಕೆ. ಎರಡು ದೇವರಿಗೂ ನಡೆದುಕೊಳ್ಳುವ ಒಕ್ಕಲಿನವರು ಈ ಸೀಮೆಯಲ್ಲಿ ಬಹಳ ಮಂದಿ.

ಕೊಳ್ಳೇಗಾಲ ಬಹುಕಾಲ ಮದರಾಸಿನ ಆಡಳಿತಕ್ಕೆ ಒಳಪಟ್ಟು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದಾಗ ಅದರ ಪಾಲಾಯಿತು. ರೇಷ್ಮೆಯ ನೇಯ್ಗೆಗೆ ಹೆಸರಾದ ಊರು ಇದು. ಮದುವೆಯ ಸೀರೆ ಕೊಳ್ಳಲೆಂದು ಪಟ್ಟಣಗಳಿಂದ ಬರುವ ಸಂಸಾರಗಳೂ, ಬೆಟ್ಟಕ್ಕೆ ಹರಕೆ ಒಪ್ಪಿಸಲು ಹೊರಟ ಯಾತ್ರಿಕರೂ, ಚಾಮರಾಜನಗರದ ಕಡೆಗೆ ಸಾಗುವ ಲಾರಿಗಳೂ ಇಲ್ಲಿಯ ಪೇಟೆಯ ಬೀದಿಗಳಲ್ಲಿ ಒಂದನ್ನೊಂದು ಒತ್ತುತ್ತ ತೆವಳುತ್ತವೆ.

ಅಂಬಾಸಡರ್ ಮತ್ತು ಫಿಯಟ್ ಕಾರುಗಳ ಕಾಲದಲ್ಲಿ ಈ ದಾರಿಯಲ್ಲಿ ಬರುತ್ತಿದ್ದವರಿಗೆ ತಂಪಿನ ಉಪಾಯ ಒಂದೇ ಆಗಿತ್ತು: ಕಿಟಕಿಯ ಗಾಜನ್ನು ಇಳಿಸುವುದು, ಒದ್ದೆಯ ಟವಲನ್ನು ತಲೆಗೆ ಸುತ್ತಿಕೊಳ್ಳುವುದು. ಅಮೆರಿಕದ ಪ್ಯಾಕರ್ಡ್ ಸಂಸ್ಥೆ 1940ರ ಮಾದರಿಯ ಕಾರುಗಳಿಗೇ ತಂಪುಯಂತ್ರವನ್ನು ಅಳವಡಿಸಿತ್ತಾದರೂ ನಮ್ಮ ಮಧ್ಯಮವರ್ಗದ ಮನೆಗಳಿಗೆ ಆ ಸೌಖ್ಯ ತಲುಪಲು ಹಲವು ದಶಕಗಳೇ ಬೇಕಾದವು. ಈಗ ಅದಿಲ್ಲದ ಕಾರನ್ನು ಕೊಳ್ಳುವವರು ಅಪರೂಪ. ಒಮ್ಮೆ ಅಭ್ಯಾಸವಾದ ಸೌಖ್ಯ ನಡುದಾರಿಯಲ್ಲಿ ಕೈಕೊಟ್ಟಾಗ ಬಿಸಿಲು ಮೊದಲಿಗಿಂತ ಇಮ್ಮಡಿಯಾಗಿ ಕಾಣುತ್ತದೆ. ಕಾರಿನಲ್ಲಿ ವೃದ್ಧರೋ ಕೈಗೂಸುಗಳೋ ಇದ್ದರಂತೂ ಅದು ಕೇವಲ ಸೌಖ್ಯದ ಮಾತಾಗಿ ಉಳಿಯುವುದಿಲ್ಲ.

ಬೆಂಗಳೂರಿನ ಒಂದು ಸಂಸಾರ

ಇಂಥ ಒಂದು ಸಂಸಾರದ ಪ್ರಯಾಣವನ್ನೇ ಉದಾಹರಣೆಯಾಗಿ ನೋಡಬಹುದು. ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗಳು, ಜೊತೆಗೆ ಎಪ್ಪತ್ತನ್ನು ದಾಟಿದ ಅಜ್ಜಿ. ಹೃದಯದ ಚಿಕಿತ್ಸೆಯಾಗಿ ಬದುಕಿ ಬಂದರೆ ಮಾದಪ್ಪನಿಗೆ ನಡೆದುಕೊಳ್ಳುತ್ತೇನೆಂದು ಅಜ್ಜಿ ಹರಕೆ ಹೊತ್ತಿದ್ದರು. ವೈದ್ಯರು ಪ್ರಯಾಣಕ್ಕೆ ಅಡ್ಡಿ ಹೇಳಿರಲಿಲ್ಲ. ಆದರೆ ಬಿಸಿಲಿನ ಬೇಗೆಯಲ್ಲಿ ಬಳಲಬಾರದೆಂದು ಎಚ್ಚರಿಸಿದ್ದರು. ಶಿವರಾತ್ರಿಯ ಜನಸಂದಣಿಗೆ ಮುಂಚೆ ಹೋಗಿಬರೋಣವೆಂದು ಮಾಘಮಾಸದ ಒಂದು ಶನಿವಾರ ಅವರು ಹೊರಟರು.

ಮೊದಲ ದಿನ ಯಳಂದೂರು ಮತ್ತು ರಂಗನ ಬೆಟ್ಟ. ಯಳಂದೂರು ಚಿಕ್ಕ ಊರು. ಆದರೆ ಅದರ ಚರಿತ್ರೆ ಚಿಕ್ಕದಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು 'ಹದಿಬದೆಯ ಧರ್ಮ'ವನ್ನು ಬರೆದ ಹೊನ್ನಮ್ಮ ಈ ಊರಿನವಳು. 1807ರಲ್ಲಿ ಮೈಸೂರಿನ ದಿವಾನ ಪೂರ್ಣಯ್ಯನವರಿಗೆ ಈ ಸೀಮೆ ಜಹಗೀರಾಗಿ ದೊರೆಯಿತು. ಸುವರ್ಣಾವತಿ ನದಿಯ ನೀರುಂಡ ಗದ್ದೆಗಳ ನಡುವೆ ನಿಂತ ಗೌರೀಶ್ವರ ದೇವಾಲಯದ ಮುಂದೆ ಬಳೆಮಂಟಪವಿದೆ. ಹದಿನಾಡಿನ ಪಾಳೆಯಗಾರರ ಕಾಲದ ಆ ಮಂಟಪದ ಮೂಲೆಗಳಲ್ಲಿ ಒಂದರೊಳಗೊಂದು ಕೊಂಡಿಯಾಗಿ ತೂಗುವ ಕಲ್ಲಿನ ಬಳೆಗಳನ್ನು ಕಂಡು ಮೊಮ್ಮಗಳು, ಇವನ್ನು ಬೇರೆ ಬೇರೆಯಾಗಿ ಕೆತ್ತಿ ಹೇಗೆ ಕೂಡಿಸಿದರೆಂದು ಕೇಳಿದಳು. ಕೂಡಿಸಿದ್ದೇ ಇಲ್ಲ, ಒಂದೇ ಕಲ್ಲಿನಿಂದ ಬಿಡಿಸಿದ್ದು ಎಂಬ ಉತ್ತರ ಅವಳಿಗೆ ಇನ್ನೂ ಹೆಚ್ಚಿನ ಬೆರಗನ್ನು ಉಂಟುಮಾಡಿತು.

ಊರು ದಾಟಿ ಬೆಟ್ಟದ ದಾರಿ ಹಿಡಿದ ಮೇಲೆ ಕಾಡು ಆರಂಭವಾಗುತ್ತದೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಅರಣ್ಯ ಸೋಲಿಗರ ತವರು. ರಂಗನಾಥ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿರುವುದರಿಂದ ಸೋಲಿಗರಿಗೆ ದೇವರು 'ಭಾವ'ನಾಗುತ್ತಾನೆ. ಭಕ್ತರು ದೇವರಿಗೆಂದೇ ಮಾಡಿಸಿ ಒಪ್ಪಿಸುವ ಚರ್ಮದ ದೊಡ್ಡ ಪಾದುಕೆಗಳು ಇಲ್ಲಿಯ ಇನ್ನೊಂದು ವಿಶೇಷ.

ಬೆಟ್ಟವೇರುವಾಗ ಕಾರಿನ ತಂಪು ಒಂದೆರಡು ಸಲ ನಿಂತು ಮತ್ತೆ ಬಂದಿತು. ಮಗನಿಗೆ ಆಗಲೇ ಅನುಮಾನ ಮೂಡಿತು. ಆದರೆ ಇದು ರೋಗವಲ್ಲ. ಕಡಿದಾದ ಏರಿನಲ್ಲಿ ಚಾಲಕ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, ಇದ್ದಬದ್ದ ಶಕ್ತಿಯೆಲ್ಲ ಚಕ್ರಗಳಿಗೇ ಸಲ್ಲಲೆಂದು ಅನೇಕ ಕಾರುಗಳ ಎಂಜಿನ್ನು ತಂಪುಯಂತ್ರದ ಕಂಪ್ರೆಸರನ್ನು ಕ್ಷಣಕಾಲ ತಾನಾಗಿಯೇ ಬಿಡಿಸಿಬಿಡುತ್ತದೆ. ಎಂಜಿನ್ನು ಮಿತಿಮೀರಿ ಕಾದಾಗಲೂ ಹಾಗೆಯೇ. ಏರು ಮುಗಿದ ಮೇಲೆ ತಂಪು ಮರಳಿದರೆ ಚಿಂತೆಗೆ ಕಾರಣವಿಲ್ಲ. ನಿಜವಾದ ತೊಂದರೆ ಹಿಂತಿರುಗುವ ದಾರಿಯಲ್ಲಿ ಕಾದಿತ್ತು.

ಹುರುಳಿ, ರಾಗಿಗಳ ಕೊಯ್ಲು ಮುಗಿದ ಆ ದಿನಗಳಲ್ಲಿ ಈ ಸೀಮೆಯ ಹಳ್ಳಿಗಳ ರಸ್ತೆಗಳೇ ಒಕ್ಕಣೆಯ ಕಣಗಳಾಗುತ್ತವೆ. ಹಿಂದೆ ಸಗಣಿಯಿಂದ ಸಾರಿಸಿದ ಕಣವಿತ್ತು, ರೋಣಗಲ್ಲಿತ್ತು, ಅದನ್ನೆಳೆಯಲು ಎತ್ತಿತ್ತು. ಅವು ಕಡಿಮೆಯಾದ ಮೇಲೆ ರೈತ ಹುರುಳಿಯ ಬಳ್ಳಿಯನ್ನು ಡಾಂಬರಿನ ಮೇಲೆ ಹರಡುತ್ತಾನೆ. ಹೋಗಿಬರುವ ವಾಹನಗಳ ಚಕ್ರಗಳೇ ಅದನ್ನು ತುಳಿಯುತ್ತವೆ. ಅಧಿಕಾರಿಗಳು ಬೇಡವೆನ್ನುತ್ತಾರೆ, ಒಣಹುಲ್ಲು ಬಿಸಿ ಕೊಳವೆಗೆ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತುವ ಅಪಾಯವೂ ಉಂಟು. ಆದರೂ ಕೂಲಿಯ ದುಬಾರಿ ಕಾಲದಲ್ಲಿ ರೈತನಿಗೆ ಬೇರೆ ದಾರಿ ಸುಲಭವಾಗಿ ತೋರುವುದಿಲ್ಲ. ಸಂಸಾರದ ಕಾರು ಆ ಸಂಜೆ ಒಳರಸ್ತೆಯೊಂದರಲ್ಲಿ ಅಂಥ ಎರಡು ಮೂರು ಹಾಸುಗಳ ಮೇಲೆ ಸರಸರನೆ ಹಾದು ಬಂದಿತು. ಸಂಜೆಯ ತಂಗಾಳಿಗೆ ಕಿಟಕಿಗಳು ತೆರೆದಿದ್ದುದರಿಂದ ತಂಪುಯಂತ್ರದ ಕಡೆ ಯಾರ ಗಮನವೂ ಹೋಗಲಿಲ್ಲ.

ನಿಂತರೆ ಬಿಸಿ, ಓಡಿದರೆ ತಂಪು

ಕೊಳ್ಳೇಗಾಲದಲ್ಲಿ ರಾತ್ರಿ ತಂಗಿ, ಮರುದಿನ ಹತ್ತು ಗಂಟೆಗೆ ಹನೂರಿನ ಕಡೆ ಹೊರಟಾಗ ಪೇಟೆಯಲ್ಲಿ ವಾಹನಗಳ ಸಾಲು ನಿಂತಿತ್ತು. ಐದು ನಿಮಿಷಗಳಲ್ಲಿ ಕಾರಿನೊಳಗೆ ಬಿಸಿಗಾಳಿ ಬೀಸತೊಡಗಿತು. ಊರ ಹೊರಗೆ ಬಂದು ವೇಗ ಹಿಡಿದೊಡನೆ ಮತ್ತೆ ತಂಪು. ರೈತರ ಗಾಡಿಗಳ ಹಿಂದೆ ನಿಧಾನಿಸಿದರೆ ಪುನಃ ಬಿಸಿ. ಅಜ್ಜಿಯ ಹಣೆಯಲ್ಲಿ ಬೆವರು ಮೂಡಿತು, ಮಾತು ಕಡಿಮೆಯಾಯಿತು. ಮುಂದೆ ಘಟ್ಟದ ದಾರಿ, ಅಲ್ಲಿ ವೇಗವೆಂಬುದೇ ಇಲ್ಲ. ಬೆಂಗಳೂರಿಗೆ ಹಿಂತಿರುಗುವುದೇ ಲೇಸೆಂದು ಸೊಸೆ ಹೇಳಿದಳು. ಅಜ್ಜಿ, "ಮದುವೆಯಾದ ಹೊಸತರಲ್ಲಿ ಈ ದಾರಿಯನ್ನು ನಡೆದೇ ಹೋಗಿದ್ದೆ ಕಣಮ್ಮ" ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡಿದರು. ಮಗ ಕಾರನ್ನು ಕೊಳ್ಳೇಗಾಲಕ್ಕೇ ತಿರುಗಿಸಿ ಒಂದು ರಿಪೇರಿ ಷೆಡ್ಡಿನ ಮುಂದೆ ನಿಲ್ಲಿಸಿದ.

"ಗ್ಯಾಸ್ ಕಡಿಮೆಯಾಗಿರಬೇಕು. ತುಂಬಿಸಿಬಿಡಿ ಅಣ್ಣ, ಬೇಗ ಹೊರಡಬೇಕು."

ಈ ಮಾತನ್ನು ದಿನಕ್ಕೆ ಹತ್ತು ಸಲ ಕೇಳುವವನಂತೆ ಮೆಕ್ಯಾನಿಕ್ಕು ನಕ್ಕ. "ಗ್ಯಾಸು ಪೆಟ್ರೋಲಲ್ಲ ಸಾರ್, ಓಡಿದ ಹಾಗೆ ಖರ್ಚಾಗುವುದಕ್ಕೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಮೊದಲು ನೋಡೋಣ." ಅಜ್ಜಿಯ ಕಡೆ ತಿರುಗಿ, "ಅವ್ವಾ, ನೀವು ಇಳಿದು ಈ ನೆರಳಲ್ಲಿ ಕೂತ್ಕೊಳ್ಳಿ" ಎಂದು ಕುರ್ಚಿ ಹಾಕಿಸಿ ನೀರು ಕೊಡಿಸಿದ.

ಅವನ ಮಾತಿನ ಒಳಗುಟ್ಟು ತಿಳಿಯಬೇಕಾದರೆ ಯಂತ್ರದ ಕೆಲಸವನ್ನು ಸ್ವಲ್ಪ ಅರಿಯಬೇಕು. ತಂಪುಯಂತ್ರ ಚಳಿಯನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರು ತಂಪಾಗುತ್ತದಲ್ಲವೆ? ಇಲ್ಲಿಯೂ ತತ್ತ್ವ ಅದೇ. ನೀರಿಗೆ ಬದಲಾಗಿ 134ಎ ಎಂಬಂಥ ದ್ರವ. ವಾತಾವರಣದ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಅದು ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಅದು ಆವಿಯಾಗುತ್ತ ಕಾರಿನೊಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಬಿಸಿಮಾಡಿ ಕಾರಿನ ಮೂತಿಯಲ್ಲಿರುವ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ಹೊರಗಾಳಿ ತಾಗಿ ಶಾಖ ಕಳೆದುಕೊಂಡು ಆವಿ ಮತ್ತೆ ದ್ರವವಾಗುತ್ತದೆ. ಸಣ್ಣ ವಾಲ್ವೊಂದರ ಮೂಲಕ ಒತ್ತಡ ಇಳಿಸಿಕೊಂಡು ಮರಳಿ ಒಳಗೆ ಬರುತ್ತದೆ. ಈ ಸುತ್ತು ಎಲ್ಲಿ ತಡೆದರೂ ತಂಪು ನಿಲ್ಲುತ್ತದೆ. ಎಲ್ಲಿ ತಡೆಯಿತೆಂದು ಕಂಡುಹಿಡಿಯುವುದೇ ಪರೀಕ್ಷೆ.

ಮೆಕ್ಯಾನಿಕ್ಕು ಮೊದಲು ಕೈಗೆ ಉಪಕರಣವನ್ನೇ ತೆಗೆದುಕೊಳ್ಳಲಿಲ್ಲ, ಪ್ರಶ್ನೆಗಳನ್ನು ಕೇಳಿದ. ಗಾಳಿಯ ರಭಸ ಕಡಿಮೆಯಾಗಿದೆಯೇ, ಅಥವಾ ರಭಸವಿದ್ದೂ ಬಿಸಿಯಾಗಿದೆಯೇ? ರಭಸವೇ ಇಲ್ಲದಿದ್ದರೆ ಒಳಗಿನ ಜಾಲರಿ ದೂಳಿನಿಂದ ಕಟ್ಟಿರಬಹುದು. ಒಂದು ಗಂಟೆ ಚೆನ್ನಾಗಿ ತಂಪಾಗಿ ಆಮೇಲೆ ಗಾಳಿ ಉಡುಗಿದರೆ ಕಾಯಿಲಿನ ಮೇಲೆ ಹಿಮ ಕಟ್ಟಿರಬಹುದು. ಒಂದು ಬದಿಯಲ್ಲಿ ತಂಪು, ಇನ್ನೊಂದು ಬದಿಯಲ್ಲಿ ಬಿಸಿ ಬಂದರೆ ಗಾಳಿಯನ್ನು ಬೆರೆಸುವ ಕದ ಸಿಕ್ಕಿಕೊಂಡಿರಬಹುದು. ಇಲ್ಲಿ ಇವಾವುವೂ ಅಲ್ಲ. ನಿಂತಾಗ ಬಿಸಿ, ಓಡಿದಾಗ ತಂಪು ಎಂದು ಕೇಳಿದೊಡನೆ ಅವನ ಕಣ್ಣು ಕಾರಿನ ಮೂತಿಯ ಕಡೆ ಹೊರಳಿತು.

ಆದರೂ ಊಹೆಯನ್ನು ನಂಬಿ ಅವನು ಕೆಲಸ ಮಾಡಲಿಲ್ಲ. ನೀಲಿ, ಕೆಂಪು ಕೊಳವೆಗಳ ಗೇಜುಗಳನ್ನು ಜೋಡಿಸಿದ. ಎಂಜಿನ್ನು ಆರಿಸಿ ಕಾರನ್ನು ನೆರಳಿನಲ್ಲಿ ಬಹಳ ಹೊತ್ತು ಬಿಟ್ಟಾಗ ಎರಡು ಮುಳ್ಳುಗಳೂ ಒಂದೇ ಕಡೆ, ನೂರು ಪೌಂಡಿನ ಆಸುಪಾಸಿನಲ್ಲಿ ನಿಂತವು. ಮೂವತ್ತು ಡಿಗ್ರಿ ಶಾಖದಲ್ಲಿ ಇದು ಸಹಜ. ಕೊಳವೆ ಬರಿದಾಗಿಲ್ಲವೆಂದು ಇದರಿಂದ ತಿಳಿಯುತ್ತದೆಯೇ ಹೊರತು ಎಷ್ಟು ತುಂಬಿದೆ ಎಂಬುದು ತಿಳಿಯುವುದಿಲ್ಲ. ಎಂಜಿನ್ನು ಚಾಲೂ ಮಾಡಿ ತಂಪುಯಂತ್ರ ಹಾಕಿದಾಗ ಕಂಪ್ರೆಸರಿನ ಕ್ಲಚ್ಚು 'ಟಕ್' ಎಂದು ಹಿಡಿಯಿತು. ಸುಸ್ಥಿತಿಯಲ್ಲಿರುವ ಕಾರಿನಲ್ಲಿ, ಅಂಥ ಹವೆಯಲ್ಲಿ, ಕೆಂಪು ಗೇಜು ಇನ್ನೂರರ ಆಸುಪಾಸಿನಲ್ಲಿ ನಿಲ್ಲಬೇಕು. ನೀಲಿ ಗೇಜು ಮೂವತ್ತು, ನಲವತ್ತರಲ್ಲಿ. ಇಲ್ಲಿ ಕೆಂಪು ಮುಳ್ಳು ನಿಲ್ಲದೆ ಏರಿತು, ಮುನ್ನೂರನ್ನು ದಾಟಿತು, ನೀಲಿಯದೂ ಮೇಲಕ್ಕೆ ಸರಿಯಿತು. ಗ್ಯಾಸು ಕಡಿಮೆಯಾಗಿದ್ದರೆ ಎರಡೂ ಕೆಳಗಿರಬೇಕಾಗಿತ್ತು!

ಆಗ ಅವನು ಒಂದು ಚೊಂಬು ನೀರನ್ನು ತಂದು ಕಂಡೆನ್ಸರಿನ ಮೇಲೆ ನಿಧಾನವಾಗಿ ಎರಚಿದ. ಕೆಂಪು ಮುಳ್ಳು ಸರ್ರನೆ ಇಳಿಯಿತು. ಒಳಗೆ ಕೈಯೊಡ್ಡಿ ಕುಳಿತಿದ್ದ ಮೊಮ್ಮಗಳು, "ತಣ್ಣಗೆ ಬಂತು, ಅಜ್ಜಿ!" ಎಂದು ಕೂಗಿದಳು. ಅಲ್ಲಿಗೆ ಅರ್ಧ ಉತ್ತರ ದೊರೆತಂತಾಯಿತು. ಕಂಪ್ರೆಸರು ಒತ್ತುತ್ತಿದೆ, ದ್ರವ ಸುತ್ತುತ್ತಿದೆ. ಕಂಡೆನ್ಸರಿನ ಶಾಖವನ್ನು ಒಯ್ಯುವ ಗಾಳಿ ಮಾತ್ರ ಇಲ್ಲ. ಓಡುವಾಗ ದಾರಿಯ ಗಾಳಿ ಆ ಕೆಲಸ ಮಾಡುತ್ತದೆ. ನಿಂತಾಗ ಫ್ಯಾನು ಮಾಡಬೇಕು. ಬಗ್ಗಿ ನೋಡಿದರೆ ರೇಡಿಯೇಟರಿನ ಫ್ಯಾನು ತಿರುಗುತ್ತಿತ್ತು, ಪಕ್ಕದ ಕಂಡೆನ್ಸರ್ ಫ್ಯಾನು ತಟಸ್ಥವಾಗಿತ್ತು.

ಫ್ಯೂಸು ತೆಗೆದು ನೋಡಿದಾಗ ಅದು ಸುಟ್ಟಿತ್ತು. ಹೊಸ ಫ್ಯೂಸು ಹಾಕಿ ಹಣ ತೆಗೆದುಕೊಂಡು ಕಳಿಸಿಬಿಡಬಹುದಾಗಿತ್ತು. ಬಹಳ ಕಡೆ ಹಾಗೆಯೇ ನಡೆಯುತ್ತದೆ. ಅವನು, "ಫ್ಯೂಸು ಸುಮ್ಮನೆ ಸುಡುವುದಿಲ್ಲ ಸಾರ್, ಅದು ಕಾವಲುಗಾರ. ಯಾರನ್ನು ತಡೆಯಲು ಹೋಗಿ ಸತ್ತಿದೆ ನೋಡಬೇಕು" ಎಂದ. ಎಂಜಿನ್ನು ಆರಿಸಿ, ಬ್ಯಾಟರಿಯ ತಂತಿ ಕಳಚಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ನೂಕಿದರೆ ಅದು ಅಲುಗಲಿಲ್ಲ. ಕೆಳಗಿನ ರಕ್ಷಾಫಲಕದ ಒಂದು ಬದಿ ಎಂದೋ ಮುರಿದುಹೋಗಿತ್ತು. ಆ ಸಂದಿಯಿಂದ ನುಗ್ಗಿದ ಹುರುಳಿಬಳ್ಳಿ ಫ್ಯಾನಿನ ನಡುಗುಂಬಕ್ಕೆ ಹಗ್ಗದಂತೆ ಸುತ್ತಿ ಬಿಗಿದುಕೊಂಡಿತ್ತು! ತಿರುಗಲಾರದ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯಿತು. ಫ್ಯೂಸು ಪ್ರಾಣ ಕೊಟ್ಟು ತಂತಿಗಳನ್ನು ಉಳಿಸಿತು. ಕಂಡೆನ್ಸರಿನ ತೆಳುವಾದ ಹಾಳೆಗಳ ನಡುವೆಯೂ ಹೊಟ್ಟು ಮೆತ್ತಿತ್ತು.

ಇಕ್ಕಳದಿಂದ ಬಳ್ಳಿಯನ್ನು ಎಳೆಎಳೆಯಾಗಿ ಬಿಡಿಸಿ, ಹೊಟ್ಟನ್ನು ಮೆಲ್ಲನೆ ನೀರು ಬಿಟ್ಟು ತೊಳೆದು, ಅಷ್ಟೇ ಅಳತೆಯ ಹೊಸ ಫ್ಯೂಸನ್ನು ಹಾಕಿದಾಗ ಫ್ಯಾನು ಗುಂಯ್‌ಗುಟ್ಟಿತು. ಕೆಂಪು ಮುಳ್ಳು ಇನ್ನೂರರ ಬಳಿ ಬಂದು ನಿಂತಿತು. ಆ ಮೇಲೂ ಅವನು ಕಾಲು ಗಂಟೆ ಕಾರನ್ನು ನಿಂತಲ್ಲೇ ಓಡಿಸಿ, ಮೋಟಾರು ಬಿಸಿಯಾಗಿ ಫ್ಯೂಸು ಮತ್ತೆ ಸುಡುವುದಿಲ್ಲವೆಂದು ಖಚಿತಪಡಿಸಿಕೊಂಡ. ಗ್ಯಾಸಿನ ಒಂದು ತೊಟ್ಟೂ ಬೇಕಾಗಲಿಲ್ಲ. ಮಗ ಕೇಳಿದಂತೆ ತುಂಬಿದ್ದರೆ ಏನಾಗುತ್ತಿತ್ತು? ಮೊದಲೇ ಮಿತಿಮೀರಿದ್ದ ಒತ್ತಡ ಇನ್ನೂ ಏರುತ್ತಿತ್ತು. ಘಟ್ಟದ ನಡುವೆ ಕಂಪ್ರೆಸರಿಗೋ ರಬ್ಬರು ಕೊಳವೆಗೋ ಕುತ್ತು ಬರುತ್ತಿತ್ತು. ಕೆಲವೇ ರೂಪಾಯಿಗಳ ಫ್ಯೂಸಿನ ದೋಷ ಸಾವಿರಗಳ ಲೆಕ್ಕಕ್ಕೆ ಏರುವುದು ಹೀಗೆಯೇ.

"ಅವ್ವಾ, ಈಗ ಬೆಟ್ಟಕ್ಕೆ ಹೋಗಿಬನ್ನಿ, ಭಯವಿಲ್ಲ" ಎಂದು ಅವನು ಹೇಳಿದಾಗ ಅಜ್ಜಿ ಮಗನ ಮುಖವನ್ನು ನೋಡಿದರು. ಮಗ ತಲೆಯಾಡಿಸಿದ. ಸೊಸೆಯೂ ಬೇಡವೆನ್ನಲಿಲ್ಲ. ಕಾರಣ ತಿಳಿಯದ ದೋಷವಾಗಿದ್ದರೆ ಆ ಹೃದಯವನ್ನು ನಂಬಿ ಘಟ್ಟ ಹತ್ತುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಹನೂರಿನಿಂದ ಮುಂದೆ

ಕೊಳ್ಳೇಗಾಲದಿಂದ ಹನೂರಿಗೆ ಸುಮಾರು 25 ಕಿಲೋಮೀಟರು. ಕಾಮಗೆರೆ ದಾಟಿದ ಮೇಲೆ ಗದ್ದೆಗಳು ಹಿಂದಾಗಿ ಹೊಲಗಳು ಮುಂದಾಗುತ್ತವೆ: ರಾಗಿ, ಹುರುಳಿ, ಜೋಳ. ಬಹುಕಾಲ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದ ಹನೂರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಲೊಕ್ಕನಹಳ್ಳಿಯ ದಾರಿಯಲ್ಲಿ ಸಾಗಿದರೆ ಒಡೆಯರಪಾಳ್ಯ. 1970ರ ದಶಕದಲ್ಲಿ ನೆಲೆಗೊಂಡ ಟಿಬೆಟಿನ ನಿರಾಶ್ರಿತರ ಊರುಗಳು ಅಲ್ಲಿ ಜೋಳದ ಹೊಲಗಳ ನಡುವೆ ಬಣ್ಣದ ಬಾವುಟಗಳನ್ನು ಹಾರಿಸುತ್ತವೆ.

ಹನೂರಿನ ಕಡೆಯ ದೂಳು, ಜಲ್ಲಿಗಳಿಂದ ತಂಪುಯಂತ್ರಕ್ಕೆ ಬರುವ ಕಾಯಿಲೆ ಬೇರೆ ಬಗೆಯದು. ಮುಂದಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಕಂಡೆನ್ಸರಿಗೆ ತಗುಲಿ ಸೂಜಿಮೊನೆಯಷ್ಟು ರಂಧ್ರವಾದರೂ ಸಾಕು, ವಾರಗಳಲ್ಲಿ ಗ್ಯಾಸು ಸೋರಿಹೋಗುತ್ತದೆ. ಆಗ ನಿಂತರೂ ಓಡಿದರೂ ತಂಪಿಲ್ಲ. ಗ್ಯಾಸು ತೀರ ಇಳಿದಾಗ ಒತ್ತಡದ ಸ್ವಿಚ್ಚು ಕ್ಲಚ್ಚು ಹಿಡಿಯದಂತೆ ತಡೆಯುತ್ತದೆ. ಗ್ಯಾಸಿನೊಡನೆ ಎಣ್ಣೆಯೂ ಜಿನುಗುವುದರಿಂದ ಸೋರುವ ಸ್ಥಳದಲ್ಲಿ ದೂಳು ಜಿಡ್ಡಾಗಿ ಅಂಟಿರುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆಯನ್ನು ಮುಚ್ಚಿ, ಒಳಗಿನ ತೇವವನ್ನೂ ಗಾಳಿಯನ್ನೂ ವ್ಯಾಕ್ಯೂಮ್ ಪಂಪಿನಿಂದ ಪೂರ್ತಿ ಎಳೆದ ಮೇಲೆಯೇ, ಕಾರಿನವರು ಹೇಳಿದಷ್ಟು ಗ್ರಾಮನ್ನು ತೂಗಿ ತುಂಬಬೇಕು. ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದನ್ನು ಮಾತ್ರ ಸೋರಿಕೆಯೆಂದು ಬಗೆಯಬಾರದು. ಅದು ಕಾಯಿಲಿನ ಮೇಲೆ ಕಟ್ಟಿದ ಇಬ್ಬನಿ. ಅದೇ ನೀರು ಕಾರಿನೊಳಗೆ ಕಾಲಡಿಯಲ್ಲಿ ಕಂಡರೆ ಹೊರಹೋಗುವ ಕೊಳವೆ ಕಟ್ಟಿದೆಯೆಂದು ತಿಳಿಯಬೇಕು.

ಕೌದಳ್ಳಿಯನ್ನು ಬಿಟ್ಟು ತಾಳಬೆಟ್ಟಕ್ಕೆ ಬಂದಾಗ ಘಟ್ಟದ ಬುಡ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಇಲ್ಲಿಂದ ಮೇಲಕ್ಕೆ ಕಾಲ್ನಡಿಗೆಯ ಭಕ್ತರ ಪ್ರವಾಹವೇ ಹರಿಯುತ್ತದೆ. ಆ ದಿನವೂ ತಲೆಯ ಮೇಲೆ ಗಂಟು ಹೊತ್ತವರು, ಕೈಯಲ್ಲಿ ಕಂಸಾಳೆ ಹಿಡಿದವರು, ಮಗುವನ್ನು ಹೆಗಲೇರಿಸಿಕೊಂಡವರು ಅಲ್ಲಲ್ಲಿ ಗುಂಪಾಗಿ ಏರುತ್ತಿದ್ದರು. ಮೆಕ್ಯಾನಿಕ್ಕು ಹೇಳಿಕೊಟ್ಟಿದ್ದಂತೆ ಮಗ ಕಡಿದಾದ ತಿರುವುಗಳಲ್ಲಿ ತಂಪುಯಂತ್ರವನ್ನು ಆರಿಸಿ, ಎಂಜಿನ್ನಿನ ಶಾಖದ ಮುಳ್ಳಿನ ಮೇಲೆ ಕಣ್ಣಿಟ್ಟು ನಿಧಾನವಾಗಿ ಸಾಗಿದ. ಕಿಟಕಿಯಿಂದ ಕಾಡಿನ ಗಾಳಿ ಬಂದಿತು. ಅದರೊಡನೆ "ಉಘೇ ಮಾದಪ್ಪ" ಎಂಬ ಕೂಗೂ ಬಂದಿತು. ಅಜ್ಜಿ ಕುಳಿತಲ್ಲಿಂದಲೇ ಅದಕ್ಕೆ ದನಿಗೂಡಿಸಿದರು. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಮುಂದೆ ಅವರ ಹರಕೆ ಮಧ್ಯಾಹ್ನದ ಮಂಗಳಾರತಿಯ ವೇಳೆಗೆ ಸಂದಿತು.

ಇಳಿದು ಬರುವಾಗ ಹನೂರಿನ ಈಚೆಗೆ ರಸ್ತೆಯ ತುಂಬ ಹುರುಳಿಯ ಹಾಸು. ಮಗ ಕಾರನ್ನು ದೂರದಲ್ಲೇ ನಿಲ್ಲಿಸಿ ಕೈಬೀಸಿದ. ಹೊಲದ ಬದುವಿನಲ್ಲಿ ಕುಳಿತಿದ್ದ ರೈತ ಎದ್ದುಬಂದು, ಕವೆಗೋಲಿನಿಂದ ಒಂದು ಬದಿಯ ಬಳ್ಳಿಯನ್ನು ಸರಿಸಿ ದಾರಿ ಮಾಡಿಕೊಟ್ಟ. ಕಾರು ಹಾದುಹೋದ ಮೇಲೆ ಅದನ್ನು ಮತ್ತೆ ಹರಡಿ, ಮುಂದಿನ ಬಸ್ಸಿಗಾಗಿ ಕಾಯುತ್ತ ಕುಳಿತ.